ಏಳು ಫಲಗಳ ಲೆಕ್ಕದಲ್ಲಿ ಅಡಗಿದ ಬೀಜಗಣಿತ

ಜಿನಪೂಜೆಗೆಂದು ಶ್ರಾವಕನೊಬ್ಬ ನೇರಳೆ, ನಿಂಬೆ, ಕಿತ್ತಳೆ, ತೆಂಗು, ಬಾಳೆ, ಮಾವು, ದಾಳಿಂಬೆಗಳನ್ನು ಕೊಂಡ. ತೆತ್ತ ಬೆಲೆ ಕ್ರಮವಾಗಿ ಒಂದು ಹೊನ್ನಿನ 1/2, 1/6, 1/12, 1/20, 1/30, 1/42 ಮತ್ತು 1/56 ಭಾಗ. ಒಟ್ಟು ಖರ್ಚೆಷ್ಟು?

ಈ ಪ್ರಶ್ನೆ ಕೇಳಿದವನು ಜೈನ ಗಣಿತಜ್ಞ ಮಹಾವೀರಾಚಾರ್ಯ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ ಆತ ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಭಿನ್ನರಾಶಿಗಳಿಗೆಂದೇ ಒಂದು ಅಧ್ಯಾಯವಿದೆ. ಅದರ ಹೆಸರು 'ಕಲಾಸವರ್ಣ'. ಕಲೆ ಎಂದರೆ ಭಾಗ. ಸವರ್ಣ ಎಂದರೆ ಒಂದೇ ಜಾತಿಗೆ ತರುವುದು. ಅರ್ಧ ರೊಟ್ಟಿಯನ್ನೂ ಮೂರನೇ ಒಂದು ಭಾಗ ರೊಟ್ಟಿಯನ್ನೂ ಕೂಡಿಸಬೇಕಾದರೆ ಎರಡನ್ನೂ ಸಮಗಾತ್ರದ ತುಂಡು ಮಾಡಲೇಬೇಕಷ್ಟೆ.

ಅದಕ್ಕೆ ಹಿಂದೆ 628ರಲ್ಲಿ ಬ್ರಹ್ಮಗುಪ್ತ ಹೇಳಿದ್ದ ಉಪಾಯ ಸರಳ: ಒಂದರ ಛೇದದಿಂದ ಇನ್ನೊಂದರ ಅಂಶ, ಛೇದಗಳೆರಡನ್ನೂ ಗುಣಿಸುವುದು. ಉತ್ತರ ಸರಿಯೇ ಬರುತ್ತದೆ. ಆದರೆ ಶ್ರಾವಕನ ಏಳೂ ಛೇದಗಳನ್ನು ಹೀಗೆ ಗುಣಿಸಿದರೆ ಸಿಗುವ ಸಂಖ್ಯೆ 20 ಕೋಟಿಗೂ ಮಿಕ್ಕುತ್ತದೆ!

ಮಹಾವೀರ ಇದಕ್ಕೆ 'ನಿರುದ್ಧ'ವೆಂಬ ದಾರಿ ತೋರಿದ. ಛೇದಗಳ ಸಾಮಾನ್ಯ ಅಪವರ್ತನಗಳನ್ನು ತೆಗೆದು, ಅವನ್ನೂ ಉಳಿದ ಲಬ್ಧಗಳನ್ನೂ ಗುಣಿಸಿದರೆ ನಿರುದ್ಧ. ಉದಾಹರಣೆಗೆ 6 ಮತ್ತು 4ಕ್ಕೆ ಸಾಮಾನ್ಯ ಅಪವರ್ತನ 2, ಲಬ್ಧಗಳು 3 ಮತ್ತು 2, ನಿರುದ್ಧ 12. ಇಂದು ಶಾಲೆಗಳಲ್ಲಿ ಕಲಿಸುವ ಲ.ಸಾ.ಅ. ಇದೇ. ಏಳು ಫಲಗಳ ಲೆಕ್ಕದಲ್ಲಿ ನಿರುದ್ಧ ಕೇವಲ 840. ಒಟ್ಟು 735/840, ಅಂದರೆ 7/8 ಹೊನ್ನು.

ಲೆಕ್ಕದೊಳಗೆ ಇನ್ನೊಂದು ಗುಟ್ಟಿದೆ. ಅದನ್ನು ಕಾಣಲು ಅಂಕಿಯ ಜಾಗದಲ್ಲಿ ಅಕ್ಷರ ಬೇಕು. 1150ರಲ್ಲಿ ಭಾಸ್ಕರಾಚಾರ್ಯ 'ಬೀಜಗಣಿತ'ದಲ್ಲಿ ಅವ್ಯಕ್ತ ರಾಶಿಗೆ ಬಳಸಿದ 'ಯಾ' ಎಂಬ ಅಕ್ಷರವನ್ನೇ ತೆಗೆದುಕೊಳ್ಳೋಣ. 1/ಯಾ ದಿಂದ 1/(ಯಾ+1) ಕಳೆಯಬೇಕು. ಇಲ್ಲಿ ಸಮಾನ ಛೇದ ಯಾ × (ಯಾ+1). ಮೊದಲನೆಯದರ ಅಂಶ ಯಾ+1 ಆಗುತ್ತದೆ, ಎರಡನೆಯದರದ್ದು ಯಾ. ಕಳೆದರೆ ಉಳಿಯುವುದು 1. ಹಾಗಾಗಿ ಉತ್ತರ 1/(ಯಾ × (ಯಾ+1)).

'ಯಾ' ಬದಲಿಗೆ 1ರಿಂದ 7ರವರೆಗೆ ಇಡುತ್ತಾ ಹೋದರೆ ಬರುವುದು ಶ್ರಾವಕನ ಏಳು ಬೆಲೆಗಳೇ! 1/2 ಎಂದರೆ 1 – 1/2. 1/6 ಎಂದರೆ 1/2 – 1/3. 1/12 ಎಂದರೆ 1/3 – 1/4. ಎಲ್ಲವನ್ನೂ ಕೂಡಿಸುವಾಗ ನಡುವಿನವು ಒಂದನ್ನೊಂದು ಹೊಡೆದುಹಾಕಿ, ಕೊನೆಗೆ ಉಳಿಯುವುದು 1 – 1/8, ಅಂದರೆ ಅದೇ 7/8.

ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದ ಪ್ರಕಟವಾಯಿತು. ನೃಪತುಂಗನೆಂದರೆ 'ಕವಿರಾಜಮಾರ್ಗ' ನೆನಪಾಗುವ ನಾಡಿನಲ್ಲಿ ಅವನ ಕಾಲದ ಈ ಗಣಿತಜ್ಞನ ಹೆಸರು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಛೇದದಲ್ಲಿ ಅಕ್ಷರ ಕಂಡೊಡನೆ ಕಂಗಾಲಾಗುವ ಮಕ್ಕಳಿಗೆ ಸೂತ್ರದ ಬಾಯಿಪಾಠಕ್ಕೆ ಮೊದಲು ಈ ಏಳು ಫಲಗಳ ಲೆಕ್ಕ ಕೊಟ್ಟು ನೋಡಬಹುದು.