ಹಗೇವು, ಕಣಜ, ಉಗ್ರಾಣ

ಮೈಸೂರಿನಿಂದ ನಂಜನಗೂಡಿನ ಕಡೆಗೆ ಹೋಗುವ ರೈಲುದಾರಿಯಲ್ಲಿ ಕಡಕೊಳವನ್ನು ದಾಟಿದ ಮೇಲೆ ತಾಂಡವಪುರವೆಂಬ ಸಣ್ಣ ನಿಲ್ದಾಣ ಸಿಕ್ಕುತ್ತದೆ. ಈ ದಾರಿ 1891ನೆಯ ಇಸವಿಯಲ್ಲಿ ತೆರೆಯಿತು. ಇಂದು ಆ ಊರಿನ ಸುತ್ತ ಕಾರ್ಖಾನೆಗಳು ಎದ್ದಿವೆ. ಆದರೂ ಕಾಲುವೆಯ ನೀರು ಹರಿಯುವ ತಗ್ಗಿನಲ್ಲಿ ಬತ್ತವನ್ನೂ, ಮಳೆಯನ್ನೇ ನಂಬಿದ ದಿಣ್ಣೆಯ ಕೆಂಪು ನೆಲದಲ್ಲಿ ರಾಗಿಯನ್ನೂ ಬೆಳೆಯುವ ಸೀಮೆ ಇದು ಎಂಬುದನ್ನು ಕಪಿಲೆಯ ಎರಡು ದಡಗಳಲ್ಲಿ ಓಡಾಡಿದವರೆಲ್ಲರೂ ಬಲ್ಲರು. ಬೆಳೆ ಬರುವುದು ವರ್ಷಕ್ಕೊಮ್ಮೆ. ಹಸಿವು ಬರುವುದು ದಿನಕ್ಕೆರಡು ಬಾರಿ. ಇವೆರಡರ ನಡುವೆ ಇರುವ ಅಂತರವನ್ನು ನಮ್ಮ ಹಿಂದಿನವರು ಯಾವ ಉಪಾಯದಿಂದ ತುಂಬಿಕೊಂಡರು, ಆ ಉಪಾಯ ಎಲ್ಲಿ ಸೋತಿತು, ಅದರಿಂದ ಇಂದಿನ ಪಟ್ಟಣದ ಸಂಸಾರ ಕಲಿಯಬೇಕಾದುದೇನು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಧಾನ್ಯವನ್ನು ಕೂಡಿಡುವುದಕ್ಕೆ ನಮ್ಮ ನಾಡಿನಲ್ಲಿ ಎಷ್ಟು ಹೆಸರುಗಳಿವೆಯೆಂದು ನೋಡಿದರೇ ಆ ಕೆಲಸಕ್ಕಿದ್ದ ಗೌರವ ತಿಳಿಯುತ್ತದೆ. ಬಿದಿರಿನಿಂದ ಹೆಣೆದು ಸಗಣಿ ಮಣ್ಣು ಬಳಿದದ್ದು ಕಣಜ. ಸುಟ್ಟ ಮಣ್ಣಿನ ಬಳೆಗಳನ್ನು ಒಂದರ ಮೇಲೊಂದು ಕೂರಿಸಿ ಎತ್ತರಕ್ಕೆ ಕಟ್ಟಿದ್ದು ವಾಡೆ. ದೊಡ್ಡ ಹೊಟ್ಟೆಯ ಮಡಕೆ ಗುಡಾಣ. ಇವೆಲ್ಲವೂ ಇರುವ ಕತ್ತಲೆಯ ಕೋಣೆ ಉಗ್ರಾಣ. ಇವೆಲ್ಲಕ್ಕೂ ಹಿರಿಯದು, ಭೂಮಿಯ ಹೊಟ್ಟೆಯೊಳಗೆ ಇರುತ್ತಿದ್ದ ಹಗೇವು.

ಹಗೇವೆಂದರೆ ಗಟ್ಟಿ ನೆಲದಲ್ಲಿ ತೋಡಿದ ರಾಗಿಯ ಗುಳಿ. ಅದರ ಬಾಯಿ ಒಬ್ಬ ಮನುಷ್ಯನು ಇಳಿಯುವಷ್ಟು ಮಾತ್ರ ಕಿರಿದು. ಒಳಗೆ ಹೋದಂತೆ ಅಗಲವಾಗುತ್ತದೆ. ತೇವ ತಾಗದಂತೆ ತಳಕ್ಕೂ ಪಕ್ಕಗಳಿಗೂ ಹುಲ್ಲು ಹಾಸಿ, ಚೆನ್ನಾಗಿ ಒಣಗಿದ ರಾಗಿಯನ್ನು ತುಂಬಿ, ಮೇಲೂ ಹುಲ್ಲು ಹೊದಿಸಿ, ಬಾಯಿಗೆ ಕಲ್ಲುಚಪ್ಪಡಿಯನ್ನಿಟ್ಟು ಮಣ್ಣು ಮೆತ್ತಿಬಿಡುತ್ತಿದ್ದರು. ಗದ್ದೆಯ ಬಳಿಯ ತೇವದ ನೆಲ ಇದಕ್ಕೆ ಸಲ್ಲದು. ದಿಣ್ಣೆಯ ಗಟ್ಟಿ ನೆಲವೇ ಬೇಕು. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸದ ಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿಯ ಜನ ರಾಗಿಯನ್ನು ಗುಳಿಗಳಲ್ಲಿ ಹುಗಿದು ವರ್ಷಗಟ್ಟಲೆ ಕಾಪಾಡುತ್ತಿದ್ದುದನ್ನು ಗಮನಿಸಿ ಬರೆದಿದ್ದಾನೆ.

ಇದರ ರಹಸ್ಯ ಎರಡು ಬಗೆಯದು. ರಾಗಿಯ ಕಾಳು ಬಹು ಸಣ್ಣದು, ಅದರ ಸಿಪ್ಪೆ ಒಗರು. ಅಕ್ಕಿಯನ್ನೂ ಜೋಳವನ್ನೂ ಕೊರೆಯುವ ಹುಳುವಿಗೆ ಅದು ಸುಲಭವಾದ ಮನೆಯಲ್ಲ. ಎರಡನೆಯದಾಗಿ, ಮುಚ್ಚಿದ ಗುಳಿಯಲ್ಲಿ ಕಾಳುಗಳೇ ಉಸಿರಾಡಿ ಅಲ್ಲಿದ್ದ ಆಮ್ಲಜನಕವನ್ನು ಕಡಮೆ ಮಾಡಿ ಇಂಗಾಲದ ಡೈ ಆಕ್ಸೈಡನ್ನು ತುಂಬುತ್ತವೆ; ಆ ಗಾಳಿಯಲ್ಲಿ ಹುಳು ಬದುಕಲಾರದು. ಹುಳು ಬದುಕದ ಗಾಳಿಯಲ್ಲಿ ಮನುಷ್ಯನೂ ಬದುಕಲಾರನು. ಆದುದರಿಂದ ಹಗೇವನ್ನು ತೆರೆದ ಮೇಲೆ ಬಹಳ ಹೊತ್ತು ಹಾಗೆಯೇ ಬಿಟ್ಟು, ಹಗ್ಗದಲ್ಲಿ ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಆಳು ಇಳಿಯಬೇಕೆಂಬುದು ಹಳ್ಳಿಯ ನಿಯಮವಾಗಿದ್ದಿತು. ಆ ನಿಯಮವನ್ನು ಮರೆತು ಇಳಿದು ಪ್ರಾಣ ಬಿಟ್ಟವರೂ, ಅವರನ್ನು ಎತ್ತಲು ಹೋಗಿ ಅವರ ಹಿಂದೆಯೇ ಹೋದವರೂ ಉಂಟು.

ಹಗೇವು ಗಂಡಸರ ಕೆಲಸವಾದರೆ ಮನೆಯೊಳಗಿನ ಉಗ್ರಾಣ ಗೃಹಿಣಿಯ ರಾಜ್ಯ. ತೊಗರಿ, ಅವರೆ ಮುಂತಾದ ಕಾಳುಗಳಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿ ಮಡಕೆಗೆ ತುಂಬುವುದು, ಬಿತ್ತನೆಯ ಬೀಜಕ್ಕೆ ಬೂದಿ ಬೆರಸುವುದು, ಧಾನ್ಯದ ನಡುವೆ ಒಣಗಿದ ಬೇವಿನ ಸೊಪ್ಪನ್ನು ಇಡುವುದು, ಹುಣಸೆಹಣ್ಣಿನ ಬೀಜ ತೆಗೆದು ಉಪ್ಪು ಬೆರಸಿ ಜಾಡಿಗೆ ತುಂಬುವುದು, ಬೇಸಗೆಯ ಬಿಸಿಲು ವ್ಯರ್ಥವಾಗದಂತೆ ಹಪ್ಪಳ ಸಂಡಿಗೆ ಬಾಳಕಗಳನ್ನು ಮಾಡಿಕೊಳ್ಳುವುದು, ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕುವುದು, ಇವು ಪುಸ್ತಕದಿಂದ ಕಲಿತ ವಿದ್ಯೆಗಳಲ್ಲ. ನಂಜನಗೂಡಿನ ರಸಬಾಳೆ ಎಷ್ಟೇ ರುಚಿಯಾಗಿರಲಿ, ಅದನ್ನು ಹಣ್ಣಾದ ನಾಲ್ಕು ದಿನದಲ್ಲಿ ತಿಂದು ಮುಗಿಸಬೇಕು. ಹುರುಳಿಯಾದರೋ ಮುಂದಿನ ವರ್ಷದವರೆಗೆ ಕಾಯುತ್ತದೆ. ಯಾವುದನ್ನು ಇಂದು ತಿನ್ನಬೇಕು, ಯಾವುದನ್ನು ನಾಳೆಗೆ ಇಡಬೇಕು ಎಂಬ ಈ ವಿವೇಚನೆಯೇ ಸಂಸಾರದ ಆಯವ್ಯಯದ ಮೊದಲನೆಯ ಪಾಠ.

ಆ ಉಗ್ರಾಣದಲ್ಲಿ ಲೆಕ್ಕದ ಪುಸ್ತಕ ಇರುತ್ತಿರಲಿಲ್ಲ. ಅಳತೆಯ ಪಾತ್ರೆಯೇ ಲೆಕ್ಕದ ಪುಸ್ತಕವಾಗಿದ್ದಿತು. ನಾಲ್ಕು ಪಾವಿಗೆ ಒಂದು ಸೇರು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಬೆಳಗ್ಗೆ ಎಷ್ಟು ಪಾವು ಅಳೆದುಕೊಟ್ಟೆವೆಂಬುದು ನೆನಪಿನಲ್ಲಿದ್ದರೆ, ಯುಗಾದಿಯ ವೇಳೆಗೆ ಕಣಜ ಎಲ್ಲಿಗೆ ಇಳಿಯಬೇಕೆಂಬುದೂ ಮನೆಯೊಡತಿಗೆ ತಿಳಿದಿರುತ್ತಿದ್ದಿತು. ಅದಕ್ಕಿಂತ ಕೆಳಗಿಳಿದರೆ ಅಂದಿನಿಂದಲೇ ಕೈ ಬಿಗಿಯಾಗುತ್ತಿದ್ದಿತು. ಕಣಜ ಬರಿದಾದ ದಿನ ಗಾಬರಿಪಡುವುದಲ್ಲ, ಅರ್ಧವಾದ ದಿನವೇ ಎಚ್ಚರಗೊಳ್ಳುವುದು ಆ ಪದ್ಧತಿಯ ಸಾರ.

ಮನೆಯಲ್ಲಿ ಹೀಗಿದ್ದ ನೀತಿ ರಾಜ್ಯಕ್ಕೂ ಇರಬೇಕೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಲೋಕಕ್ಕೆ ಮರಳಿ ದೊರಕಿಸಿದುದು ನಮ್ಮ ಮೈಸೂರೇ ಎಂಬುದು ಹೆಮ್ಮೆಯ ಸಂಗತಿ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಓಲೆಯ ಪ್ರತಿಯನ್ನು ಗುರುತಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಅಚ್ಚುಮಾಡಿಸಿದರು. ಅದರಲ್ಲಿ ಕೋಷ್ಠಾಗಾರದ ಅಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಕೂಡಿದ ಪದಾರ್ಥದಲ್ಲಿ ಅರ್ಧವನ್ನು ಜನಪದದ ಆಪತ್ತಿಗಾಗಿ ಮೀಸಲಿಡಬೇಕು, ಉಳಿದರ್ಧವನ್ನು ಬಳಸಬೇಕು, ಹೊಸದು ಬಂದಂತೆ ಹಳೆಯದನ್ನು ಬದಲಿಸಬೇಕು ಎಂಬುದು ಅಲ್ಲಿಯ ವಿಧಿ. ಧಾನ್ಯವನ್ನು ಎತ್ತರದಲ್ಲಿಯೂ, ಎಣ್ಣೆ ತುಪ್ಪಗಳನ್ನು ಮಣ್ಣಿನ ಅಥವಾ ಮರದ ಪಾತ್ರೆಗಳಲ್ಲಿಯೂ, ಉಪ್ಪನ್ನು ನೆಲದ ಮೇಲೆಯೂ ಇಡಬೇಕೆಂಬಷ್ಟು ಸೂಕ್ಷ್ಮವಾಗಿ ಅದು ಹೇಳುತ್ತದೆ. ಅರಸನ ಉಗ್ರಾಣಕ್ಕೂ ಒಕ್ಕಲಿನ ಉಗ್ರಾಣಕ್ಕೂ ಗಾತ್ರದಲ್ಲಿ ಭೇದವಿರಬಹುದು; ಧರ್ಮ ಒಂದೇ.

ಹಾಗಾದರೆ ಇಷ್ಟೆಲ್ಲ ವಿವೇಕವಿದ್ದ ನಾಡಿನಲ್ಲಿ ಜನ ಅನ್ನವಿಲ್ಲದೆ ಸತ್ತುದು ಹೇಗೆ? ಈ ಪ್ರಶ್ನೆಯನ್ನು ನಾವು ತಪ್ಪಿಸಿಕೊಳ್ಳುವಂತಿಲ್ಲ.

ಧಾತು ಈಶ್ವರ ಸಂವತ್ಸರಗಳ ಬರವೆಂದು ಅಜ್ಜಿಯರು ಹೇಳುತ್ತಿದ್ದ ಮಹಾಕ್ಷಾಮ 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಹಿಂಡಿತು. ಆಗ ಸಂಸ್ಥಾನ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದಿತು. 1875ರಲ್ಲಿಯೇ ಮಳೆ ಕಡಮೆಯಾಗಿದ್ದಿತು. 1876ರಲ್ಲಿ ಬೆಳೆ ಕೆಟ್ಟಿತು. 1877ರಲ್ಲಿಯೂ ಮುಂಗಾರು ಕೈಕೊಟ್ಟಿತು. ಒಂದು ವರ್ಷದ ಕೊರತೆಯನ್ನು ಹಗೇವು ತಡೆಯಬಲ್ಲುದು. ಒಂದರ ಬೆನ್ನಿಗೊಂದು ಬಂದ ಕೊರತೆಗಳಲ್ಲಿ ಅದರ ತಳವೂ ಕಾಣಿಸಿಕೊಳ್ಳುತ್ತದೆ. ಮದರಾಸಿನ ಕಡೆಯಿಂದ ರೈಲು ಬೆಂಗಳೂರಿನವರೆಗೆ ಬರುತ್ತಿದ್ದಿತು. ಅಲ್ಲಿಂದ ಮೈಸೂರಿಗೂ ನಂಜನಗೂಡಿಗೂ ಧಾನ್ಯ ಬರಬೇಕಾದರೆ ಎತ್ತಿನ ಗಾಡಿಯೇ ಗತಿ, ಆ ಎತ್ತಿಗೇ ಮೇವಿಲ್ಲ. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿದ್ದಿತು. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟು ಲಕ್ಷ ಅರುವತ್ತೊಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯಷ್ಟು ಕುಗ್ಗಿತು.

ಸಂಖ್ಯೆಗಳು ಹೇಳದ ಮಾತೊಂದಿದೆ. ಹಗೇವು ನೆಲವುಳ್ಳವನ ಆಸ್ತಿ. ಕೂಲಿಯಾಳಿಗೆ ಹಗೇವಿಲ್ಲ, ಅವನ ಗುಡಿಸಲಿನ ಮಡಕೆ ಸುಗ್ಗಿಯ ಕೆಲವು ತಿಂಗಳಲ್ಲಿಯೇ ಬರಿದಾಗುತ್ತಿದ್ದಿತು. ಅವನು ಊರಿನ ಸ್ಥಿತಿವಂತನ ಮನೆಯಿಂದ ರಾಗಿಯನ್ನು ಕಡವಾಗಿ ತಂದು ಸುಗ್ಗಿಯಲ್ಲಿ ಬಡ್ಡಿಯನ್ನೂ ರಾಗಿಯಾಗಿಯೇ ಅಳೆದುಕೊಡುತ್ತಿದ್ದನು. ಬೆಳೆಯೇ ಇಲ್ಲದ ವರ್ಷ ಕೊಡುವವನ ಕೈಯೂ ಹಿಂದಕ್ಕೆ ಹೋಯಿತು. ಕೂಲಿಯೂ ಇಲ್ಲ, ಕಡವೂ ಇಲ್ಲ. ಪೇಟೆಯ ಬೆಲೆ ಏರಿದಂತೆ ಕೆಲವು ಗುಳಿಗಳ ಬಾಯಿ ಮತ್ತಷ್ಟು ಬಿಗಿಯಾದುದು ಸಹಜವೇ. ಮೊದಲು ಸತ್ತವರು ಉಗ್ರಾಣವನ್ನು ಸರಿಯಾಗಿ ನೋಡಿಕೊಳ್ಳದವರಲ್ಲ, ಉಗ್ರಾಣವೇ ಇಲ್ಲದವರು. ಮಿತವ್ಯಯದ ಉಪದೇಶ ಮಾಡುವವರೆಲ್ಲರೂ ಈ ಮಾತನ್ನು ನೆನೆಯಬೇಕು, ನಾವೂ ನೆನೆಯುತ್ತೇವೆ.

ಆ ದುರಂತದಿಂದ ರಾಜ್ಯ ಪಾಠ ಕಲಿಯಿತು. ಕ್ಷಾಮಪರಿಹಾರದ ಕೆಲಸವಾಗಿ ಮಣ್ಣು ಹೊತ್ತವರ ದುಡಿಮೆಯಿಂದ ಬೆಂಗಳೂರು–ಮೈಸೂರು ರೈಲುದಾರಿ ಬೆಳೆಯಿತು. ಅದೇ ಮುಂದೆ ತಾಂಡವಪುರವನ್ನು ಹಾದು ನಂಜನಗೂಡನ್ನು ಮುಟ್ಟಿತು. ಬೇರೆ ಸೀಮೆಯ ಧಾನ್ಯ ಬರುವ ದಾರಿ ತೆರೆದ ಮೇಲೆ ಊರ ಹಗೇವಿನ ಅಗತ್ಯವೂ ಕ್ರಮೇಣ ಕುಗ್ಗಿತು. ಆದರೆ ದಾರಿಯನ್ನು ನಂಬಿದವನು ದಾರಿ ಕಡಿದಾಗ ಕೆಡುತ್ತಾನೆ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತೊಡನೆ ಇಡೀ ದೇಶದಲ್ಲಿ ಹಾಹಾಕಾರವಾಯಿತು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಮಂದಿ ಸತ್ತರು. ನಮ್ಮ ಪಟ್ಟಣಗಳಿಗೂ ಪಡಿತರ ಚೀಟಿ ಬಂದಿತು. ಕೂಡಿಡುವುದಕ್ಕೂ ಬಚ್ಚಿಡುವುದಕ್ಕೂ ಇರುವ ಭೇದವನ್ನು ಜನ ಕಲಿತುದು ಆ ದಿನಗಳಲ್ಲಿ. ಧಾನ್ಯ ಸಮೃದ್ಧವಾಗಿರುವಾಗ ಸ್ವಲ್ಪ ಸ್ವಲ್ಪವಾಗಿ ಮನೆಗೆ ತಂದಿಡುವುದು ಕೂಡಿಡುವುದು. ಕೊರತೆಯ ಸುದ್ದಿ ಕೇಳಿದೊಡನೆ ಅಂಗಡಿಗೆ ಓಡಿ ನೆರೆಯವನ ಪಾಲನ್ನೂ ಹೊತ್ತು ತರುವುದು ಬಚ್ಚಿಡುವುದು. ಮೊದಲನೆಯದು ಪೇಟೆಯ ಭಾರವನ್ನು ಇಳಿಸುತ್ತದೆ, ಎರಡನೆಯದು ಏರಿಸುತ್ತದೆ.

ಇವೆಲ್ಲ ಹಳೆಯ ಕಥೆಯೆಂದು ತಳ್ಳುವಂತಿಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಪಿಲೆ ಉಕ್ಕಿ ಬಂದು ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ಹೆದ್ದಾರಿಯ ಮೇಲೆ ನೀರು ನಿಂತಿತು. ನಿತ್ಯ ಓಡಾಡುವ ದಾರಿ ಕಡಿಯಿತು. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿದಾಗ, ಸೋಂಕು ಕಾಣಿಸಿಕೊಂಡ ನಂಜನಗೂಡು ಇನ್ನೂ ಕಟ್ಟುನಿಟ್ಟಾದ ನಿರ್ಬಂಧಕ್ಕೆ ಒಳಗಾಯಿತು. ವಾರಕ್ಕೊಮ್ಮೆ ಅಂಗಡಿಗೆ ಹೋಗಿ ಬರುವ ಅಭ್ಯಾಸವುಳ್ಳ ಸಂಸಾರಗಳಿಗೆ ಅಂದು ಅಜ್ಜಿಯ ಉಗ್ರಾಣ ನೆನಪಿಗೆ ಬಂದಿರಬೇಕು. 2013ರಿಂದ ಆಹಾರಭದ್ರತೆಯ ಕಾನೂನೂ, ನಮ್ಮ ರಾಜ್ಯದ ಅನ್ನಭಾಗ್ಯವೂ ಉಗ್ರಾಣವಿಲ್ಲದವರಿಗೆ ನ್ಯಾಯಬೆಲೆ ಅಂಗಡಿಯನ್ನೇ ಉಗ್ರಾಣವಾಗಿ ಕೊಟ್ಟಿವೆ. ಧಾತು ಈಶ್ವರದ ಬರದಲ್ಲಿ ಇಲ್ಲದಿದ್ದುದು ಇದೇ. ರಾಜ್ಯದ ಕಣಜವೂ ಮನೆಯ ಕಣಜವೂ ಒಂದನ್ನೊಂದು ಆತುಕೊಂಡು ನಿಲ್ಲಬೇಕು.

ಇನ್ನು ಪಟ್ಟಣದ ಮನೆಯಲ್ಲಿ ಇದನ್ನು ಹೇಗೆ ನಡೆಸಬಹುದೆಂದು ಎರಡು ಮಾತು. ಐದು ಮಂದಿಯ ಸಂಸಾರಕ್ಕೆ ದಿನಕ್ಕೆ 2 ಕಿಲೋ ಧಾನ್ಯ ಬೇಕೆಂದು ಹಿಡಿದರೆ ಹದಿನೈದು ದಿನಕ್ಕೆ 30 ಕಿಲೋ. ಇದನ್ನು ಒಮ್ಮೆಗೇ ತರಲು ಎಲ್ಲರಿಗೂ ಆಗದು. ವಾರಕ್ಕೆ ಒಂದು ಕಿಲೋ ಹೆಚ್ಚಾಗಿ ತಂದರೆ ಮೂವತ್ತು ವಾರದಲ್ಲಿ, ಎಂದರೆ ಸುಮಾರು ಏಳು ತಿಂಗಳಲ್ಲಿ, ಆ ಮೀಸಲು ತಾನಾಗಿ ಕೂಡುತ್ತದೆ. ಬೇಳೆಕಾಳು ನಾಲ್ಕೈದು ಕಿಲೋ, ಉಪ್ಪು, ಎಣ್ಣೆ, ಬೆಲ್ಲ, ಹುಣಸೆ, ದೀಪ, ಬೆಂಕಿಪೊಟ್ಟಣ, ಮನೆಯ ರೋಗಿಗೆ ಬೇಕಾದ ಔಷಧ, ಕುಡಿಯುವ ನೀರು, ಇಷ್ಟಿದ್ದರೆ ದಾರಿ ಕಡಿದ ದಿನ ಮನೆಯ ಧೈರ್ಯ ಕಡಿಯುವುದಿಲ್ಲ. ರಾಗಿಯನ್ನು ಕಾಳಾಗಿಯೇ ಇಡಬೇಕು. ಹಿಟ್ಟಾದ ಮೇಲೆ ಅದು ಬಹುಕಾಲ ಬಾಳದು. ಹೊಸದನ್ನು ಹಿಂದಕ್ಕಿಟ್ಟು ಹಳೆಯದನ್ನು ಮುಂದಕ್ಕೆಳೆಯಬೇಕು. ತಿನ್ನದ ಪದಾರ್ಥವನ್ನು ಅಗ್ಗವೆಂದು ತಂದು ತುಂಬಿದರೆ ಅದು ಉಳಿತಾಯವಲ್ಲ, ಹುಳುವಿಗೆ ಹಾಕಿದ ಪಡಿ. ಆಹಾರದ ರಕ್ಷಣೆಯನ್ನೇ ವಿಷಯವಾಗಿಟ್ಟುಕೊಂಡ ಕೇಂದ್ರ ಸಂಶೋಧನಾಲಯ 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ನೆಲೆಗೊಂಡಿತು. ಧಾನ್ಯವನ್ನು ಒಣಗಿಸಿ, ಗಾಳಿಯಾಡದಂತೆ ಮುಚ್ಚಿ, ತೇವದಿಂದ ದೂರವಿಡಿರೆಂದು ಇಂದಿನ ವಿಜ್ಞಾನವು ಹೇಳುವ ಮಾತೂ, ಹಗೇವು ತೋಡಿದವನ ಮಾತೂ ಬೇರೆಯಲ್ಲ.

ಕೊನೆಯದಾಗಿ ಒಂದು ವಿಜ್ಞಾಪನೆ. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿ, ಕೂಡಿದುದನ್ನು ಇಲ್ಲದವರಿಗೆ ಕೊಡುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿ ಇದ್ದಿತು. ಉಗ್ರಾಣದ ಚರಿತ್ರೆಯಲ್ಲಿ ಆ ಒಂದು ಹಿಡಿಗೂ ಸ್ಥಾನವುಂಟು. ಹಗೇವಿಗೆ ಇಳಿಯುವ ಮುಂಚೆ ದೀಪ ಬಿಟ್ಟು ನೋಡುತ್ತಿದ್ದರಷ್ಟೆ. ನಮ್ಮ ಉಗ್ರಾಣಗಳಿಗೂ ಹಾಗೆ ಒಮ್ಮೆ ದೀಪ ಹಿಡಿದು ನೋಡಿಕೊಳ್ಳೋಣ: ಅಲ್ಲಿರುವುದು ನಾಳಿನ ಅನ್ನವೋ ನೆರೆಯವರ ಪಾಲೋ ಎಂದು. ದೀಪ ಆರದೆ ಉರಿದರೆ ಸಂತೋಷ.