‘ಸುಮ್ಮನೆ’: ಒಂದು ಪದದ ಹಲವು ಅರ್ಥಗಳು

ದಿನವೂ ಹತ್ತಾರು ಬಾರಿ ಬಳಸಿಯೂ ನಾವು ಗಮನಿಸದೆ ಬಿಡುವ ಪದಗಳಲ್ಲಿ ‘ಸುಮ್ಮನೆ’ ಎಂಬುದೂ ಒಂದು. ಅಳುವ ಮಗುವಿಗೆ ‘ಸುಮ್ಮನಿರು’ ಎನ್ನುತ್ತೇವೆ. ಏಕೆ ಬಂದಿರಿ ಎಂದು ಕೇಳಿದವರಿಗೆ ‘ಸುಮ್ಮನೆ ಬಂದೆ’ ಎನ್ನುತ್ತೇವೆ. ‘ವಿದ್ಯೆ ಸುಮ್ಮನೆ ಬರುವುದಿಲ್ಲ’ ಎಂದು ಮಕ್ಕಳಿಗೆ ಬುದ್ಧಿ ಹೇಳುತ್ತೇವೆ. ಈ ಮೂರರಲ್ಲಿ ಸದ್ದಡಗುವುದಕ್ಕೆ ಸಂಬಂಧಿಸಿದ್ದು ಮೊದಲನೆಯದು ಮಾತ್ರ. ಈ ಪದದ ಅರ್ಥಗಳನ್ನು ಬಿಡಿಸಿ ನೋಡಿದರೆ, ಶರಣರು ಯಾವ ಬಗೆಯ ಸುಮ್ಮನಿರುವಿಕೆಯನ್ನು ನಿರಾಕರಿಸಿದರು, ಯಾವುದನ್ನು ಸಾಧಿಸಿದರು ಎಂಬುದೂ ತಿಳಿಯುತ್ತದೆ.

ಪದದ ಹಿನ್ನೆಲೆ

‘ಸುಮ್ಮನೆ’ ದ್ರಾವಿಡ ಮೂಲದ ಪದ. ತಮಿಳಿನ ‘ಸುಮ್ಮಾ’, ಮಲಯಾಳದ ‘ಚುಮ್ಮಾ’ ಇದರ ಜ್ಞಾತಿಪದಗಳು. ಆ ಭಾಷೆಗಳಲ್ಲಿಯೂ ಅವು ಮಾತಿಲ್ಲದೆ, ಕಾರಣವಿಲ್ಲದೆ, ಬೆಲೆಯಿಲ್ಲದೆ ಎಂಬ ಅರ್ಥಗಳನ್ನು ಕೊಡುತ್ತವೆ. ತಿರುವಣ್ಣಾಮಲೈಯ ರಮಣ ಮಹರ್ಷಿಗಳ ಉಪದೇಶದಲ್ಲಿ ‘ಸುಮ್ಮಾ ಇರು’ ಎಂಬ ಮಾತಿಗೆ ವಿಶೇಷ ಸ್ಥಾನವಿದೆ.

ಇದರ ಸಮೀಪದ ‘ಮೌನ’ ಸಂಸ್ಕೃತದಿಂದ ಬಂದುದು. ಮುನಿಯ ಭಾವವೇ ಮೌನ. ‘ನಿಶ್ಶಬ್ದ’, ‘ನೀರವ’ ಎಂಬವು ಸದ್ದಿನ ಅಭಾವವನ್ನು ಹೇಳುತ್ತವೆ. ರಾತ್ರಿ ನೀರವವಾಗಿತ್ತು ಎನ್ನಬಹುದು. ರಾತ್ರಿ ಸುಮ್ಮನಿತ್ತು ಎಂದರೆ ಕಿವಿಗೆ ಒಗ್ಗುವುದಿಲ್ಲ. ಸುಮ್ಮನಿರಬೇಕಾದರೆ ಮಾತನಾಡಬಲ್ಲ, ಕೆಲಸ ಮಾಡಬಲ್ಲ ಜೀವವೊಂದು ಅಲ್ಲಿರಬೇಕು. ಉತ್ತರ ಕರ್ನಾಟಕದ ‘ಗಪ್ಪ ಕುಂದ್ರು’, ದಕ್ಷಿಣದ ‘ತೆಪ್ಪಗಿರು’ ಎಂಬವುಗಳಲ್ಲಿ ಗದರಿಕೆಯೇ ಹೆಚ್ಚು. ‘ಸುಮ್ಮನಿರು’ ಎಂಬುದು ಹಾಗಲ್ಲ. ಹೇಳುವವರ ದನಿಯಂತೆ ಅದು ಗದರಿಕೆಯೂ ಆದೀತು, ಸಾಂತ್ವನವೂ ಆದೀತು.

ಮುಖ್ಯ ಅರ್ಥಗಳು

1. ಮಾತಿಲ್ಲದೆ: ಅವರು ಎಲ್ಲವನ್ನೂ ಸುಮ್ಮನೆ ಕೇಳಿದರು.
2. ಕೆಲಸವಿಲ್ಲದೆ: ದಿನವೆಲ್ಲ ಸುಮ್ಮನೆ ಕುಳಿತಿದ್ದಾನೆ.
3. ಕಾರಣ ಅಥವಾ ಉದ್ದೇಶವಿಲ್ಲದೆ: ಸುಮ್ಮನೆ ನೋಡಿಕೊಂಡು ಹೋಗೋಣವೆಂದು ಬಂದೆ.
4. ಬೆಲೆ ಅಥವಾ ಶ್ರಮವಿಲ್ಲದೆ: ಯಾವುದೂ ಸುಮ್ಮನೆ ಸಿಗದು.
5. ಫಲವಿಲ್ಲದೆ: ಕಚೇರಿಗೆ ಸುಮ್ಮನೆ ಅಲೆದಾಡಿದಂತಾಯಿತು.
6. ಗಂಭೀರತೆಯಿಲ್ಲದೆ: ಸಿಟ್ಟಾಗಬೇಡಿ, ಸುಮ್ಮನೆ ಅಂದೆ.
7. ಪ್ರತಿಭಟನೆಯಿಲ್ಲದೆ: ಇಷ್ಟಾದ ಮೇಲೂ ಸುಮ್ಮನಿರಬೇಕೆ?

ಏಳರಲ್ಲಿಯೂ ‘ಇಲ್ಲದೆ’ ಎಂಬುದೇ ಸಮಾನ ಅಂಶ. ಏನು ಇಲ್ಲ ಎಂಬುದನ್ನು ಸಂದರ್ಭವೇ ತಿಳಿಸುತ್ತದೆ. ಆದ್ದರಿಂದಲೇ ಈ ಪದ ಒಮ್ಮೆ ಹೊಗಳಿಕೆಯಾಗುತ್ತದೆ, ಒಮ್ಮೆ ನಿಂದೆಯಾಗುತ್ತದೆ. ‘ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು’ ಎಂಬ ಗಾದೆ ಸುಮ್ಮನಿರುವುದನ್ನು ಜಾಣತನವೆಂದು ಬಗೆಯುತ್ತದೆ. ‘ಸುಮ್ಮನೆ ಕೂತು ಉಣ್ಣುವವನು’ ಎಂಬ ಮಾತು ಅದನ್ನೇ ಹಳಿಯುತ್ತದೆ.

ಶರಣರ ಬಾಳಿನಲ್ಲಿ

ಕೆಲಸವಿಲ್ಲದೆ ಸುಮ್ಮನಿರುವುದನ್ನು ಶರಣರು ಒಪ್ಪಲಿಲ್ಲ. ಕಾಯಕ ತತ್ವದ ಮೊದಲ ಪಾಠವೇ ಅದು. ಅಲ್ಲಿ ಗುರು ಜಂಗಮರಿಗೂ ವಿನಾಯಿತಿಯಿಲ್ಲ. ಶ್ರಮವಿಲ್ಲದೆ ಸುಮ್ಮನೆ ಬಂದುದನ್ನೂ ಅವರು ಒಪ್ಪಲಿಲ್ಲ. ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮ ಅದನ್ನು ಮರಳಿ ಹಾಕಿ ಬರುವಂತೆ ಹೇಳಿದಳು. ಪತಿ ತಂದುದನ್ನು ಸುಮ್ಮನೆ ಅಟ್ಟು ಬಡಿಸಬಹುದಾಗಿತ್ತು, ಆಕೆ ಸುಮ್ಮನಿರಲಿಲ್ಲ.

ಆದರೆ ಪ್ರತಿಫಲದ ಆಸೆಯಿಲ್ಲದೆ ಸುಮ್ಮನೆ ಕೊಡುವುದನ್ನು ಶರಣರು ಎತ್ತಿಹಿಡಿದರು. ಅದೇ ದಾಸೋಹ. ಪಡೆಯುವಾಗ ‘ಸುಮ್ಮನೆ’ ದೋಷ. ಕೊಡುವಾಗ ಅದೇ ‘ಸುಮ್ಮನೆ’ ಗುಣ.

ಮಾತಿಲ್ಲದಿರುವಿಕೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಮುಕ್ತಾಯಕ್ಕನ ಸಹೋದರ ಅಜಗಣ್ಣ ತನ್ನ ಭಕ್ತಿಯನ್ನು ಹೊರಗೆ ತೋರಗೊಡದ ಗುಪ್ತಭಕ್ತ. ಆತನ ಅಗಲಿಕೆಯಿಂದ ಶೋಕತಪ್ತಳಾಗಿದ್ದ ಮುಕ್ತಾಯಕ್ಕನನ್ನು ಅಲ್ಲಮಪ್ರಭುಗಳು ಕಂಡು ಮಾತನಾಡಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಆಕೆ ಪ್ರಭುಗಳ ಮಾತನ್ನು ಸುಲಭವಾಗಿ ಒಪ್ಪುವುದಿಲ್ಲ. ಅರಿವು ನೆಲೆಗೊಂಡವನಿಗೆ ಮಾತಿನ ಹಂಗೇಕೆ ಎಂಬುದು ಆಕೆಯ ವಾದದ ತಿರುಳು. ಅರಿವಿನಿಂದ ಹೊಮ್ಮಿದ ಮಾತು ಅರಿವಿಗೆ ಕುಂದಲ್ಲ ಎಂಬುದು ಪ್ರಭುಗಳ ನಿಲುವು. ಮಾತಿಲ್ಲದಿರುವುದೇ ಸಿದ್ಧಿಯಲ್ಲ, ಮಾತಾಡುವುದೇ ಕೊರತೆಯೂ ಅಲ್ಲ ಎಂಬ ವಿವೇಕವನ್ನು ಈ ಸಂವಾದದಿಂದ ನಾವು ಪಡೆಯಬಹುದು.

ಸುಮ್ಮನಿರುವುದು, ಸುಮ್ಮನಿರಿಸುವುದು

ಶರಣರಲ್ಲಿ ಯಾರು ಮಾತನಾಡಿದರು ಎಂಬುದನ್ನು ಇಲ್ಲಿ ನೆನೆಯಬೇಕು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಕ್ಕಮಹಾದೇವಿ, ಸತ್ಯಕ್ಕ, ಸೂಳೆ ಸಂಕವ್ವ ಮೊದಲಾದವರನ್ನು ‘ಸುಮ್ಮನಿರಿ’ ಎಂದು ಸಮಾಜ ಕೂಡಿಸಿತ್ತು. ಅಂಥವರು ಆಡಿದ ಮಾತೇ ವಚನವಾಯಿತು. ತಾನಾಗಿ ಸುಮ್ಮನಿರುವುದು ಸಾಧನೆ; ಪರರನ್ನು ಸುಮ್ಮನಿರಿಸುವುದು ಅಧಿಕಾರ. ಇವೆರಡನ್ನೂ ಒಂದೆಂದು ತಿಳಿಯಬಾರದು.

ಈ ತಪ್ಪನ್ನು ಈ ಲೇಖಕನೂ ಮಾಡಿದ್ದಾನೆ. ಕೆಲವು ವರ್ಷಗಳ ಹಿಂದೆ ಜಾತ್ರೆಯ ಪೂರ್ವಸಿದ್ಧತಾ ಸಭೆಯಲ್ಲಿ, ದಾಸೋಹದ ಅಡುಗೆಮನೆಯಲ್ಲಿ ಸೇವೆ ಮಾಡುವ ತಾಯಿಯೊಬ್ಬರು ಏನನ್ನೋ ಹೇಳಲು ಎದ್ದು ನಿಂತರು. ಸಭೆ ಮುಗಿಸುವ ಅವಸರದಲ್ಲಿ ‘ಸುಮ್ನ ಕುಂದ್ರವ್ವ, ಆಮ್ಯಾಲ ನೋಡೂಣು’ ಎಂದೆ. ಅವರು ಕುಳಿತರು. ಆ ‘ಆಮೇಲೆ’ ಬರಲೇ ಇಲ್ಲ. ಜಾತ್ರೆಯ ದಿನ ಕೊನೆಯ ಪಂಕ್ತಿಗೆ ಕುಳಿತವರಿಗೆ, ಅಂದರೆ ಮುಂಜಾನೆಯಿಂದ ಬಡಿಸಿದ ಹೆಣ್ಣುಮಕ್ಕಳಿಗೇ, ಪ್ರಸಾದ ಸಾಲಲಿಲ್ಲ. ಅವರು ಹೇಳಬೇಕೆಂದಿದ್ದುದು ಅದನ್ನೇ ಎಂಬುದು ತಿಳಿದಾಗ ತಲೆ ತಗ್ಗಿಸಬೇಕಾಯಿತು. ಅಂದಿನಿಂದ ಸಿದ್ಧತಾ ಸಭೆಯಲ್ಲಿ ಅಡುಗೆಮನೆಯವರ ಮಾತನ್ನೇ ಮೊದಲು ಕೇಳುವ ಪರಿಪಾಠವಿದೆ.

ನಿತ್ಯದ ಆಚರಣೆಯಲ್ಲಿ

ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿ ದೃಷ್ಟಿಯನ್ನು ನಿಲ್ಲಿಸುವಾಗ ಮೊದಲು ಅಡಗುವುದು ನಾಲಿಗೆ. ಮನಸ್ಸು ಅಷ್ಟು ಬೇಗ ಅಡಗದು. ನಿನ್ನೆಯ ಲೆಕ್ಕ, ನಾಳಿನ ಚಿಂತೆ ಬಂದು ಕೂಡುತ್ತವೆ. ಅವುಗಳೊಡನೆ ಜಗಳವಾಡದೆ ದೃಷ್ಟಿಯನ್ನು ಮತ್ತೆ ಮತ್ತೆ ಲಿಂಗಕ್ಕೆ ತರುವುದೇ ಅಭ್ಯಾಸ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಆರು ಮೆಟ್ಟಿಲುಗಳ ಕೊನೆಯಲ್ಲಿ ‘ನಾನು’ ಎಂಬುದೂ ಅಡಗುತ್ತದೆ. ‘ಇಲ್ಲದೆ’ ಎಂಬ ಅರ್ಥ ಪೂರ್ಣಗೊಳ್ಳುವುದು ಅಲ್ಲಿ.

ಅಲ್ಲಿಯವರೆಗೆ ಸದ್ಭಕ್ತರು ನೆನಪಿಡಬೇಕಾದುದು ಇಷ್ಟು. ಪೂಜೆಯಲ್ಲಿ ಸುಮ್ಮನಿರೋಣ, ಕಾಯಕದಲ್ಲಿ ಸುಮ್ಮನಿರದಿರೋಣ. ಕೊಡುವುದನ್ನು ಸುಮ್ಮನೆ ಕೊಡೋಣ. ಎದ್ದು ನಿಂತು ಮಾತನಾಡುವವರನ್ನು ‘ಸುಮ್ಮನಿರು’ ಎನ್ನುವ ಮೊದಲು ಒಂದು ಗಳಿಗೆ ನಾವೇ ಸುಮ್ಮನಾಗಿ ಕೇಳೋಣ.