ಹರಿಯಬ್ಬೆಯಿಂದ ದುರ್ಗಕ್ಕೆ ಒಂದು ದಿನ

ಹಿರಿಯೂರು ಸೀಮೆಯ ಹರಿಯಬ್ಬೆಯಿಂದ ಬೆಳಗಿನ ಜಾವದಲ್ಲಿ ಹೊರಟು, ಸಂಜೆಯೊಳಗೆ ಚಿತ್ರದುರ್ಗದ ಕೋಟೆಯನ್ನು ನೋಡಿ ಮುಗಿಸಬೇಕೆಂಬುದು ನಮ್ಮ ಸಂಕಲ್ಪವಾಗಿತ್ತು. ಸ್ಥಳಗಳನ್ನು ತೋರಿಸಲು ವೃದ್ಧರೊಬ್ಬರು ನಮ್ಮೊಡನೆ ಬಂದಿದ್ದರು. ದೊರೆಗಳ ಯುದ್ಧಗಳನ್ನು ಕೇಳುವ ಆಸೆಯಿಂದ ಹೋದ ನಮಗೆ ಅವರು ದಿನವಿಡೀ ನೀರನ್ನೇ ತೋರಿಸಿದರು.

ಮೊದಲು ಮಾರಿಕಣಿವೆ. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದಿರುವ ಈ ಕಟ್ಟೆಯ ಕೆಲಸವು 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಮಗನು ಪ್ರಾಪ್ತವಯಸ್ಕನಾಗುವವರೆಗೆ ರಾಜ್ಯವನ್ನಾಳಿದ ವಾಣೀವಿಲಾಸ ಸನ್ನಿಧಾನದವರ ಹೆಸರು ಜಲಾಶಯಕ್ಕೆ ಬಂದಿದೆ. ಕಟ್ಟೆಯೊಂದಿದ್ದರೆ ಸಾಲದು, ಮಳೆಯೂ ಬೇಕಷ್ಟೆ! 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ನಮ್ಮ ಸಂಗಡಿಗರೊಬ್ಬರ ತಾತ ಅದನ್ನು ಕಂಡಿದ್ದರಂತೆ. ತಂದೆ ಕಾಣದೆಯೇ ಹೋದರು. ಭದ್ರೆಯ ನೀರೂ ಬಂದು ಸೇರತೊಡಗಿದ ಮೇಲೆ, 2025ರ ಜನವರಿಯಲ್ಲಿ ಮೂರನೆಯ ಬಾರಿ ಕೋಡಿ ಬಿದ್ದಿತು.

ಮಧ್ಯಾಹ್ನಕ್ಕೆ ಚಂದ್ರವಳ್ಳಿಯನ್ನು ಸೇರಿದೆವು. 1929ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣರವರೂ 1947ರಲ್ಲಿ ವೀಲರ್‌ರವರೂ ಅಗೆದ ನೆಲವಿದು. ಶಾತವಾಹನರ ನಾಣ್ಯಗಳೊಡನೆ ರೋಮಿನ ಬೆಳ್ಳಿಯ ನಾಣ್ಯಗಳೂ ಇಲ್ಲಿ ದೊರೆತಿವೆ. ಆದರೆ ವೃದ್ಧರು ನಮ್ಮನ್ನು ನೇರವಾಗಿ ಭೈರವೇಶ್ವರನ ಗುಡಿಯ ಬಳಿಯ ಬಂಡೆಗೆ ಕರೆದೊಯ್ದರು. ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಅದರ ಮೇಲಿದೆ. ಸವೆದ ಅಕ್ಷರಗಳ ಓದಿನಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಕೃಷ್ಣರ ವಾಚನದಂತೆ ಆಭೀರ, ಪಲ್ಲವ, ಸೇಂದ್ರಕ, ಪುನ್ನಾಟ ಮೊದಲಾದವರನ್ನು ಗೆದ್ದ ಮಯೂರಶರ್ಮನು ಈ ಕೆರೆಯನ್ನು ನಿರ್ಮಿಸಿದನು. ಗಮನಿಸಬೇಕು: ಗೆಲುವುಗಳೆಲ್ಲವೂ ಬರಿಯ ವಿಶೇಷಣಗಳು, ವಾಕ್ಯವು ಹೇಳಹೊರಟಿರುವುದು ಕೆರೆಯ ಸಂಗತಿಯನ್ನು. ಸಾವಿರದ ಆರುನೂರು ವರ್ಷಗಳಷ್ಟು ಹಿಂದೆಯೂ ಈ ಸೀಮೆಯ ಕೊರತೆ ಇದೇ ಆಗಿದ್ದಿತೆಂದು ನಮಗೆ ತೋರಿತು.

ಕೋಟೆಯನ್ನು ಹತ್ತುವಾಗ ಬಿಸಿಲು ಇಳಿದಿತ್ತು. ಏಳು ಸುತ್ತುಗಳನ್ನು ಎಣಿಸುವ ತಾಳ್ಮೆ ನಮಗೆ ಉಳಿದಿರಲಿಲ್ಲ. ಗೋಪಾಲಸ್ವಾಮಿ ಹೊಂಡದ ಹೆಚ್ಚಿನ ನೀರು ಅಕ್ಕತಂಗಿಯರ ಹೊಂಡಕ್ಕೂ, ಅಲ್ಲಿಂದ ಕೆಳಗಿನವುಗಳಿಗೂ ಇಳಿಯುವ ಏರ್ಪಾಡನ್ನು ಮಾತ್ರ ನಿಂತು ನೋಡಿದೆವು. 1779ರಲ್ಲಿ ಹೈದರಾಲಿಯು ಮದಕರಿನಾಯಕನಿಂದ ದುರ್ಗವನ್ನು ಕಸಿದುಕೊಂಡನು. ಮಳೆನೀರಿನ ಈ ದಾರಿಗಳು ಹಾಗೆಯೇ ಉಳಿದುವು.

ಓಬವ್ವನ ಕಿಂಡಿಯನ್ನು ತೋರಿಸಿರೆಂದು ನಾವೇ ಕೇಳಿದೆವು. ವೃದ್ಧರು ಮೊದಲು ಸಮೀಪದ ತಣ್ಣೀರು ದೋಣಿಯ ಬಳಿ ನಿಂತರು. ಊಟಕ್ಕೆ ಕುಳಿತ ಗಂಡನಿಗಾಗಿ ಆಕೆ ನೀರು ತರಲು ಬಂದುದು ಇಲ್ಲಿಗೆಂದು ಐತಿಹ್ಯ. ಒನಕೆಯ ಕಥೆ ಎಲ್ಲರಿಗೂ ತಿಳಿದುದೇ. "ಕೊಡವನ್ನು ಯಾರೂ ಕೇಳುವುದಿಲ್ಲ" ಎಂದು ಹೇಳಿ ಅವರು ಕಿಂಡಿಯ ಕಡೆಗೆ ನಡೆದರು.